ಉಸಿರೆಳೆದು ಕೊಡುತ್ತಿದ್ದ ಮುತ್ತು

ಕಳೆದ ಭಾನುವಾರ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಯಿಂದ ತಂದಿದ್ದ ಒಣಮೀನಿನ ಪ್ಯಾಕೆಟ್ಟನ್ನು ಕತ್ತರಿಸಿದೆ. ಬಾಣಲೆಗೆ ಹಾಕುವ ಮೊದಲೇ ವಾಸನೆ ಅಡುಗೆಮನೆಯೆಲ್ಲ ತುಂಬಿಕೊಂಡಿತು. ಕಿಟಕಿ ತೆರೆಯಲು ಹೋದವಳು ಹಾಗೇ ನಿಂತುಬಿಟ್ಟೆ. ಒಂದು ಕಾಲಕ್ಕೆ ಈ ವಾಸನೆ ಹಿಡಿದುಕೊಂಡು ಒಬ್ಬರು ಮೆಟ್ಟಿಲು ಹತ್ತಿ ಬರುತ್ತಿದ್ದರು...

ಅವರು ನಮ್ಮ ಕೆಳಗಿನ ಮನೆಯ ಅಜ್ಜಿ. ನಾವು ಮೌಂಟನ್ ವ್ಯೂನ ಈ ಅಪಾರ್ಟ್‌ಮೆಂಟಿಗೆ ಬಂದ ಹೊಸತು. ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಅಮ್ಮ ಒಂದು ಮಧ್ಯಾಹ್ನ ಅಳಿಯನಿಗಾಗಿ ಒಣಮೀನು ಹುರಿಯುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಇಲ್ಲಿ ಅಡುಗೆಯ ವಾಸನೆಗೆ ಕಟ್ಟಡದ ಆಫೀಸಿಗೆ ದೂರು ಕೊಡುವವರಿದ್ದಾರೆಂದು ಕೇಳಿದ್ದೆ. ಹೆದರಿಕೊಂಡೇ ಬಾಗಿಲು ತೆಗೆದೆ. ಕುಳ್ಳಗಿನ, ದಪ್ಪ ಕನ್ನಡಕದ, ಉಣ್ಣೆಯ ಸ್ವೆಟರ್ ತೊಟ್ಟ ಮುದುಕಿಯೊಬ್ಬರು ನಿಂತಿದ್ದರು. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಶುರುಮಾಡಿದೆ.

"ಅದೆಲ್ಲ ಬೇಡಮ್ಮ. ಅದು ಒಣಗಿಸಿದ ಮೀನು ತಾನೆ? ನನಗೊಂದು ತುಂಡು ಸಿಗುತ್ತಾ?" ಎಂದು ಇಂಗ್ಲಿಷಿನಲ್ಲೇ ಕೇಳಿದರು.

ಅಂದು ನಮ್ಮ ಮೇಜಿನ ಮುಂದೆ ಕೂತು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆ ಖಾಲಿ ಮಾಡಿದರು. ಅವರು ಅಲಾಸ್ಕಾದ ತೀರಾ ಉತ್ತರದ, ಸಮುದ್ರದಂಚಿನ ಊರಿನವರು, ಇನುಯಿಟ್ ಜನ. ಗಂಡನ ಕೆಲಸಕ್ಕಾಗಿ ಹರೆಯದಲ್ಲೇ ಕ್ಯಾಲಿಫೋರ್ನಿಯಾಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಒಬ್ಬಳೇ ಮಗಳು ಸ್ಯಾನ್ ಡಿಯೇಗೋದಲ್ಲಿದ್ದಳು. ಶಾಲೆಯಲ್ಲಿ ನಾನು ಅವರ ಜನರನ್ನು ಎಸ್ಕಿಮೋ ಎಂದು ಓದಿದ್ದೆ. ಅದನ್ನು ಹೇಳಿದಾಗ ಅವರು ಬೇಸರಿಸಿಕೊಳ್ಳಲಿಲ್ಲ. "ಅದು ನಾವು ಇಟ್ಟುಕೊಂಡ ಹೆಸರಲ್ಲ" ಎಂದಷ್ಟೇ ಹೇಳಿದರು.

ಹೊರಡುವಾಗ ಅಮ್ಮನ ಮಡಿಲಲ್ಲಿದ್ದ ಮಗುವನ್ನು ನೋಡಿ, "ನಮ್ಮ ಕಡೆಯ ಥರ ಮುದ್ದು ಮಾಡಲೇ?" ಎಂದು ನನ್ನನ್ನು ಕೇಳಿದರು. ತಲೆಯಾಡಿಸಿದೆ. ಬಗ್ಗಿ, ಮೂಗನ್ನೂ ಮೇಲ್ದುಟಿಯನ್ನೂ ಮಗುವಿನ ಕೆನ್ನೆಗೆ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ಉಸಿರನ್ನು ಒಳಕ್ಕೆಳೆದುಕೊಂಡರು. ಸದ್ದಿಲ್ಲ, ಎಂಜಲಿಲ್ಲ. ಮಗು ಕಿಲಕಿಲ ನಕ್ಕಿತು.

"ಇದಕ್ಕೆ ಕುನಿಕ್ ಅಂತೇವೆ. ಮೂಗಿಗೆ ಮೂಗು ಉಜ್ಜುತ್ತೇವೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಗುವಿನ ವಾಸನೆಯನ್ನು ಒಳಗೆ ತಗೊಳ್ಳೋದು, ಅಷ್ಟೇ."

ಅಮ್ಮನಿಗೆ ನಾನು ಕನ್ನಡದಲ್ಲಿ ಹೇಳುವ ಮೊದಲೇ ಎಲ್ಲ ಅರ್ಥವಾಗಿತ್ತು. "ನಮ್ಮಜ್ಜಿನೂ ಹಿಂಗೇ ಕಣವ್ವ, ಮಕ್ಕಳ ನೆತ್ತಿ ಮೂಸೋಳು. ಮುತ್ತು ಗಿತ್ತು ಕೊಟ್ಟಿದ್ದು ನಾ ಕಾಣೆ" ಎಂದಳು. ಎಂದವಳೇ ಎದ್ದು, ಆ ಅಜ್ಜಿಯ ಮುಖದ ಮೇಲಿಂದ ಕೈ ಇಳಿಸಿ ತನ್ನ ಕಣತಲೆಗೊತ್ತಿ ಲಟಲಟನೆ ನೆಟಿಗೆ ಮುರಿದಳು. ಅಜ್ಜಿ ಗಾಬರಿಯಾಗಿ ನನ್ನತ್ತ ನೋಡಿದರು. ದೃಷ್ಟಿ ತೆಗೆಯುವುದೆಂದರೇನು, ಅದರಲ್ಲಿರುವ ಅಕ್ಕರೆ ಎಂಥದು ಎಂದು ವಿವರಿಸಿದೆ. ಅವರು ಮುಂದೆ ಬಂದು ಅಮ್ಮನ ಕೆನ್ನೆಗೂ ಮೂಗೊತ್ತಿ ಉಸಿರೆಳೆದುಕೊಂಡರು. ಅವರು ಇಳಿದುಹೋದ ಮೇಲೆ ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಉಪ್ಪಿನಕಾಯಿ ಜಾಡಿ ಮೂಸ್ದಂಗೆ ಮೂಸ್ಬುಟ್ರಲ್ಲೇ."

ಅಮ್ಮ ಊರಿಗೆ ಮರಳಿದ ಮೇಲೆ ಅಜ್ಜಿಯ ಬರುವಿಕೆ ಹೆಚ್ಚಾಯಿತು. ನಮ್ಮ ಕಟ್ಟಡದಲ್ಲಿ ಎಲ್ಲ ಬಗೆಯ ಜನರಿದ್ದರು. ಎದುರು ಮನೆಯ ಮೆಕ್ಸಿಕೋದ ಸಂಸಾರ ಕಂಡಾಗೆಲ್ಲ ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಗೆ ಮುತ್ತು ಕೊಡುತ್ತಿತ್ತು, ಕೊನೆಯ ಮನೆಯ ಜಪಾನಿನ ದಂಪತಿ ದೂರದಿಂದಲೇ ನಡು ಬಾಗಿಸುತ್ತಿದ್ದರು. ನನ್ನ ಮಗಳಿಗೆ ಮಾತ್ರ ಅಜ್ಜಿಯದೇ ರೂಢಿಯಾಯಿತು. ನಡೆಯಲು ಕಲಿತ ಮೇಲೆ ಮೆಟ್ಟಿಲ ಮೇಲೆ ಕೂತು ಅವರಿಗಾಗಿ ಕಾಯುವಳು. ಅವರು ಕೂತ ತಕ್ಷಣ ತಾನೇ ಹೋಗಿ ಕೆನ್ನೆಗೆ ಮೂಗೊತ್ತುವಳು. ಆಗ ಅಜ್ಜಿಯ ಮುಖ ಅರಳುತ್ತಿತ್ತು, ಮರುಗಳಿಗೆಯೇ ಅವರು ಎಲ್ಲೋ ಕಳೆದುಹೋಗುತ್ತಿದ್ದರು.

ಅದೇಕೆಂದು ತಿಳಿದದ್ದು ಅವರ ಮಗಳು ಬಂದಾಗ. ಥ್ಯಾಂಕ್ಸ್‌ಗಿವಿಂಗಿನ ರಜೆಗೆ ಬಂದಿದ್ದಳು. ನಡುವಯಸ್ಸಿನ, ಮಿತಮಾತಿನ, ಒಳ್ಳೆಯ ಹೆಂಗಸು. ಕಾರಿನಿಂದಿಳಿದು ತಾಯಿಯನ್ನು ಒಂದು ತೋಳಲ್ಲಿ ಬಳಸಿ, ಬೆನ್ನು ತಟ್ಟಿ ಬಿಟ್ಟಳು. ತಾಯಿಯೂ ತಟ್ಟಿದರು. ಆಫೀಸಿನಲ್ಲಿ ಎದುರಾದವರ ಹಾಗೆ...

ಅವಳು ಹೊರಟುಹೋದ ಮೇಲೆ ನಮ್ಮ ಮನೆಗೆ ಬಂದ ಅಜ್ಜಿ ಕಾಫಿ ಲೋಟ ಹಿಡಿದು ಕೂತು, ನಾನು ಕೇಳದೆಯೇ ಹೇಳಿದರು. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಚಳಿಗಾಲದ ಪಾಠಕ್ಕೆ ಕಾಗದದ ಹಿಮಮನೆ ಮಾಡಿಸಿದ್ದರಂತೆ. ಟೀಚರು ಇವಳನ್ನೇ ಮುಂದೆ ಕರೆದು, ಎಲ್ಲ ಮಕ್ಕಳೊಂದಿಗೆ ಮೂಗಿಗೆ ಮೂಗು ಉಜ್ಜಿ ತೋರಿಸಲು ಹೇಳಿದರಂತೆ. ಮಕ್ಕಳು ನಕ್ಕರು. ಸಂಜೆ ಗೇಟಿನ ಬಳಿ ತಾಯಿ ಬಗ್ಗಿ ಕೆನ್ನೆಗೆ ಮೂಗೊತ್ತಿದಾಗ ಒಬ್ಬ ಹುಡುಗ, "ನಿಮ್ಮಮ್ಮ ನಿನ್ನ ಯಾಕೆ ಮೂಸ್ತಾರೆ, ನಾಯಿ ಥರ?" ಎಂದ.

"ಮನೆಗೆ ಬಂದವಳೇ, ಇನ್ನು ಯಾವತ್ತೂ ಹಾಗೆ ಮಾಡಬೇಡಮ್ಮ ಅಂದಳು. ನಾನು ಆಯ್ತು ಅಂದೆ" ಎಂದರು ಅಜ್ಜಿ. "ಸ್ವಲ್ಪ ದಿನ ಹೋಗಲಿ, ಮನೆಯೊಳಗಾದರೂ ಮತ್ತೆ ಕೇಳ್ತಾಳೆ ಅಂದುಕೊಂಡೆ. ಅವಳಿಗೆ ಬೆಳೆಯೋ ಕೆಲಸ ಇತ್ತು. ನಾನು ಕಾಯ್ತಾನೇ ಇದ್ದೆ."

"ಈಗ ನೀವೇ ಕೇಳಬಹುದಲ್ಲ?" ಎಂದೆ.

"ಮಗುವನ್ನ ಕೇಳಬಹುದು. ಅಷ್ಟು ದೊಡ್ಡ ಹೆಂಗಸನ್ನ ಹೇಗೆ ಕೇಳೋದಮ್ಮ" ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅಜ್ಜಿ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಅವರ ಮಗಳು ಅಂದೇ ವಿಮಾನ ಹಿಡಿದು ಬಂದಳು. ಅಜ್ಜಿಗೆ ಪ್ರಜ್ಞೆ ಮರಳಲಿಲ್ಲ. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ನಾನು ನನ್ನ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಅವಳಿಗಾಗ ಮೂರು ತುಂಬಿತ್ತು. ನಾನು ಎತ್ತಿ ಹಿಡಿದೊಡನೆ, ಯಾರೂ ಹೇಳದೆಯೇ ಅಜ್ಜಿಯ ಕೆನ್ನೆಗೆ ಮೂಗೊತ್ತಿ ಉಸಿರೆಳೆದುಕೊಂಡಳು.

ಹಾಸಿಗೆಯ ಆಚೆ ಬದಿ ನಿಂತಿದ್ದ ಅವರ ಮಗಳ ಮುಖ ಬಿಳಿಚಿತು. "ಇವಳಿಗೆ ಇದನ್ನ ಅಮ್ಮ ಕಲಿಸಿದ್ದಾ?" ಎಂದು ಕೇಳಿದಳು.

"ಹೂಂ. ದಿನಾ ಮಾಡ್ತಿದ್ದರು."

"ನನಗೆ ಮಾಡೋದು ಬಿಟ್ಟೇಬಿಟ್ಟಿದ್ದಳು. ನನ್ನ ಮೇಲೆ ಬೇಜಾರು ಅಂದುಕೊಂಡಿದ್ದೆ... ಬೇಡ ಅಂದಿದ್ದು ನಾನೇ. ಮತ್ತೆ ಬೇಕು ಅಂತ ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲ."

ಅವರು ಕಾಯುತ್ತಿದ್ದರೆಂದು ಹೇಳಿದೆ. ಹೇಳಬೇಕಿತ್ತೋ ಇಲ್ಲವೋ, ಇಂದಿಗೂ ತಿಳಿಯದು. ಆಕೆ ಹಾಸಿಗೆಯ ಕಂಬಿ ಇಳಿಸಿ, ಬಗ್ಗಿ, ತಾಯಿಯ ಕೆನ್ನೆಗೆ ಮೂಗನ್ನು ಒತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು. ತಲೆ ಎತ್ತಿದಾಗ ನಮ್ಮತ್ತ ನೋಡಲಿಲ್ಲ.

"ಆಸ್ಪತ್ರೆ ಸೋಪಿನ ವಾಸನೆ" ಎಂದಳು. "ಅಮ್ಮನದು ಬರ್ತಾನೇ ಇಲ್ಲ."

ಆ ವಾರವೇ ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡುವ ದಿನ ಸಹಾಯಕ್ಕೆಂದು ಕೆಳಗಿಳಿದಾಗ, ಆಕೆ ಮಲಗುವ ಕೋಣೆಯ ನೆಲದ ಮೇಲೆ ಕೂತು ತಾಯಿಯ ಸ್ವೆಟರಿನಲ್ಲಿ ಮುಖ ಹುದುಗಿಸಿದ್ದಳು. ನಾನು ಒಳಗೆ ಹೋಗಲಿಲ್ಲ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಂದೆ.

ಈಗ ಕೆಳಗಿನ ಮನೆಯಲ್ಲಿ ಇಬ್ಬರು ಹುಡುಗರಿದ್ದಾರೆ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿ ಹೋಗುತ್ತಾರೆ, ಕಂಡರೆ ಕೈಯೆತ್ತುತ್ತಾರೆ. ಒಣಮೀನು ಹುರಿದ ದಿನ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ, ಕೆಳಗಿನ ಮನೆಯ ಅಜ್ಜಿ ನೆನಪಿದ್ದಾರಾ ಎಂದು. ಅವಳೀಗ ಶಾಲೆಗೆ ಹೋಗುವ ಹುಡುಗಿ. ತುತ್ತು ಕೈಯಲ್ಲೇ ಹಿಡಿದು, ಹುಬ್ಬು ಗಂಟಿಕ್ಕಿ ನಿಜವಾಗಿಯೂ ಪ್ರಯತ್ನಿಸಿದಳು.

"ಐ ಡೋಂಟ್ ರಿಮೆಂಬರ್ ಹರ್, ಅಮ್ಮಾ. ಸಾರಿ" ಎಂದಳು.

ಪರವಾಗಿಲ್ಲ ಎಂದೆ. ಅಷ್ಟು ಚಿಕ್ಕ ಮಕ್ಕಳಿಗೆ ನೆನಪು ಉಳಿಯುವುದಿಲ್ಲವೆಂದು ನನಗೆ ಗೊತ್ತೇ ಇತ್ತು. ಆದರೂ ಆ ಅಜ್ಜಿ ಕಡೆಗಾಲದಲ್ಲಿ ಮನಸ್ಸು ತುಂಬಿ ಕೊಟ್ಟದ್ದೆಲ್ಲ ಇವಳಿಗೇ. ಇಟ್ಟುಕೊಳ್ಳಲಾಗದ ವಯಸ್ಸಿನಲ್ಲಿ ಇವಳಿಗೆ ಸಿಕ್ಕಿತು. ಇಟ್ಟುಕೊಳ್ಳಬೇಕಾದವಳಿಗೆ ಸಿಗಲಿಲ್ಲ...