ಗುಂಡಿ ಚೀಲ ಮತ್ತು ಒಂದು ‘ಐಸಾ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಲೆಯ ಮೇಲೆ ಹಾಲಿದೆ. ಅದರ ಮುಂದೆ ಕಡ್ಡಿಯಂಥ ಹೆಂಗಸೊಬ್ಬರು ಚೀಲವೊಂದನ್ನು ಎದೆಗೆ ಅವಚಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಚೀಲದೊಳಗೆ ಗರಗರ ಸದ್ದು. ಮೊದಲ ಸಲ ನೋಡಿದವರು ಗಾಬರಿಬೀಳುವುದೇ ಸರಿ. ಒಳಗಿರುವುದು ಗುಂಡಿಗಳು: ತೂತು ತಪ್ಪಿದ ಅಂಗಿಯ ಗುಂಡಿ, ಬಣ್ಣ ಕೆಟ್ಟ ಕೋಟಿನ ಗುಂಡಿ. ಹಾಲು ಉಕ್ಕುವುದರೊಳಗೆ ಇವರ ಕಸರತ್ತು ಮುಗಿಯಬೇಕು. ಆಮೇಲೆ ಪುರಸೊತ್ತಿಲ್ಲ.

ಓಣಿಯವರಿಗೆಲ್ಲ ಇವರು ಗುಂಡಿ ಅಕ್ಕ. ಬಟ್ಟೆ ಕಾರ್ಖಾನೆಯಿಂದ ಅಂಗಿಗಳ ಗಂಟು ಮನೆಗೇ ಬರುತ್ತದೆ. ಕಿಟಕಿ ಪಕ್ಕ ಕೂತು ಗುಂಡಿ ಹೊಲಿಯುವುದು ಇವರ ಕೆಲಸ. ವರ್ಷಾನುಗಟ್ಟಲೆ ಈ ಕೈ ಎತ್ತಿದ ದೊಡ್ಡ ಭಾರವೆಂದರೆ ಕತ್ತರಿ. ಭಾರದ ಕೆಲಸವೆಲ್ಲ ಗಂಡನದು. ಅವರು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಎಲ್ಲರೂ ಸೇರಿ ಮೂಟೆ ಎತ್ತುವಾಗ ಅವರು ‘ಐಸಾ’ ಎಂದು ಕೂಗಿದರೆ ಲಾರಿಯೇ ಬೆದರುತ್ತಿತ್ತು ಎಂದು ಜೊತೆಗಾರರು ಈಗಲೂ ತಮಾಷೆ ಮಾಡುತ್ತಾರೆ. ಅಂಥವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೇ ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಜಾರಿಬಿದ್ದರು. ಗುಂಡಿ ಅಕ್ಕ ಕಂಕುಳಿಗೆ ಕೈಕೊಟ್ಟು ಎಳೆದರೆ ಒಂದಿಷ್ಟೂ ಅಲುಗಲಿಲ್ಲ. “ಎಳೀತೀನಿ, ಎಳೀತೀನಿ, ಏನೂ ಆಗ್ತಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಆ ಮನುಷ್ಯ ಎಷ್ಟು ಭಾರ ಅಂತ ಅವತ್ತು ಗೊತ್ತಾಯ್ತು ನೋಡಿ” ಎನ್ನುತ್ತಾರೆ. ಕೊನೆಗೆ ಓಣಿಯ ಗಂಡಸರು ಬಂದು ಎತ್ತಿದರು, ಒದ್ದೆ ಬಟ್ಟೆಯಲ್ಲೇ. ಆಗ ಗಂಡ ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ಸುದ್ದಿ ಕೇಳಿ ಗಂಡನ ಅಕ್ಕ ಓಡಿಬಂದರು. “ನೀನು ಸೂಜಿ ಎತ್ತೋಳು, ಇವನನ್ನ ಎತ್ತೀಯೇನೇ? ಇನ್ನೊಂದ್ಸಲ ಬಿದ್ನೋ, ನಾನೇ ಬಂದು ಆಶ್ರಮಕ್ಕೆ ಸೇರಿಸ್ತೀನಿ. ಅಡ್ಡ ಬರಬೇಡ.” ಅದನ್ನು ನೆನೆದು ಗುಂಡಿ ಅಕ್ಕ ಹೇಳುತ್ತಾರೆ: “ಅತ್ತಿಗೆ ಕೆಟ್ಟವರಲ್ಲ. ಅವರು ಹೇಳಿದ್ದು ನಿಜ, ಅದಕ್ಕೇ ಭಯ ಆಗಿದ್ದು.”

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಎರಡು ಮಾತು ಹೇಳಿದರು. ಒಂದು, ಗಂಡನ ಕಾಲಿಗೆ ಶಕ್ತಿ ಮರಳಿದೆ, ಬಿದ್ದ ಹೆದರಿಕೆ ಹೋಗಿಲ್ಲ. ಇನ್ನೊಂದು, ನಿಮ್ಮ ಮೈಯೂ ಗಟ್ಟಿಯಾಗಬೇಕು. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ, ಸೊಂಟವಲ್ಲ, ಮಂಡಿ ಬಗ್ಗಿಸಿ. ಜಿಮ್ಮಿಗೆ ಹೋಗಲು ಹೊತ್ತೆಲ್ಲಿ, ದುಡ್ಡೆಲ್ಲಿ? ಕಾರ್ಖಾನೆ ಬಿಸಾಡುವ ಗುಂಡಿಗಳು ಚೀಲ ಸೇರಿದವು. ಅಲ್ಲಿಂದಲೇ ಬಂದ ತುಂಡು ಎಲಾಸ್ಟಿಕ್ಕನ್ನು ಜಡೆಯಂತೆ ಹೆಣೆದು ಕಿಟಕಿ ಸರಳಿಗೆ ಕಟ್ಟಿ ಎಳೆಯುವುದೂ ಶುರುವಾಯಿತು. ಮೈ ಒಪ್ಪಿದ ದಿನ ಚೀಲಕ್ಕೆ ಇನ್ನೊಂದು ಹಿಡಿ ಗುಂಡಿ. ಮೊದಮೊದಲು ಎಷ್ಟು ಹಾಲು ಉಕ್ಕಿ ಹೋಯಿತೋ, ಆ ಒಲೆಗೇ ಗೊತ್ತು.

ಚೀಲ ಬಾಯಿತನಕ ತುಂಬಿದ ದಿನ ಅದು ನೆಲ ಬಿಟ್ಟು ಏಳಲೊಲ್ಲದು. ಗುಂಡಿ ಅಕ್ಕ ಹಲ್ಲುಕಚ್ಚಿ, ತಮಗೇ ತಿಳಿಯದೆ “ಐಸಾ!” ಎಂದು ಕೂಗಿಬಿಟ್ಟರು. ಚೀಲ ಎದ್ದಿತು. ಒಳಕೋಣೆಯಲ್ಲಿ ಮಂಚವೂ ಕಿರುಗುಟ್ಟಿತು.

ತಿರುಗಿ ನೋಡಿದರೆ, ಗಂಡ ಎದ್ದು ನಿಂತಿದ್ದಾರೆ. ಎಡಗೈ ಕಿಟಕಿ ಸರಳಿನ ಮೇಲೆ, ಬೆನ್ನು ಮೂಟೆಗೆ ಕಾಯುವಂತೆ ತುಸು ಬಾಗಿದೆ.

“ಗೋದಾಮಲ್ಲಿ ಐಸಾ ಅಂದ್ರೆ ಎಲ್ರೂ ಒಟ್ಟಿಗೆ ಏಳ್ಬೇಕು. ಒಬ್ಬ ಕೂತ್ರೆ ಅವನ ಭಾರ ಪಕ್ಕದವನ ಮೇಲೆ ಬೀಳುತ್ತೆ. ತಮ್ಮನ್ನೇ ಕರೆದ್ರು ಅನ್ಕೊಂಡುಬಿಟ್ರು, ನಮ್ಮನೆಯವರು!” ಎನ್ನುತ್ತಾರೆ ಗುಂಡಿ ಅಕ್ಕ.

ಚೀಲ ಕೈಜಾರಿ ಮನೆ ತುಂಬ ಗುಂಡಿ ಚೆಲ್ಲಿತು. ಗುಂಡಿ ಅಕ್ಕ ಬಾಗಿಲಿಗೊರಗಿ ಕುಸಿದು ಕೂತರು. ಹಿಂದೆ ಹಾಲು ಸುರ್ರೆಂದು ಉಕ್ಕಿತು. ಮೇಲಿಂದ ಗಂಡ ನೋಡಿದರು. ತುಟಿ ಸೊಟ್ಟಗಾಯಿತು, ಗಂಟಲು ಅಲುಗಿತು. “ಐ... ಸಾ” ಎಂದರು, ಕೆಳಗೆ ಕೂತಿದ್ದ ಹೆಂಡತಿಗೆ. ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

“ಖುಷಿ ಆಮೇಲೆ ಬಂತು, ಬೈಗುಳ ಮೊದಲು ಬಂತು. ಬಿದ್ದಿದ್ರೆ?” ಹೇಳುವಾಗ ಅವರ ಸೂಜಿ ಅಂಗಿಯ ಮೇಲೆ ನಿಂತುಬಿಡುತ್ತದೆ.

ಈಗ ಹಾಲು ಕಾಯುವ ಹೊತ್ತು ಇಬ್ಬರದು. ಗಂಡ ಸರಳು ಹಿಡಿದು ಏಳುತ್ತಾರೆ, ಗುಂಡಿ ಅಕ್ಕ ಹಿಂದೆ ನಿಂತು ಸೊಂಟಕ್ಕೆ ಕೈ ಕೊಟ್ಟಿರುತ್ತಾರೆ. ಗೋಡೆ ಹಿಡಿದು ಬಾಗಿಲತನಕ ನಡಿಗೆ, ಒಮ್ಮೊಮ್ಮೆ ಅರ್ಧದಾರಿಗೇ ಸುಸ್ತು. ಕಸ ಗುಡಿಸಿದರೆ ಮಂಚದಡಿಯಿಂದ ಇಂದಿಗೂ ಗುಂಡಿ ಹೊರಬೀಳುತ್ತದೆ. ಅತ್ತಿಗೆಗೆ ಇದಾವುದೂ ತಿಳಿಯದು. ಮುಂದಿನ ವಾರ ತಮ್ಮನನ್ನು ನೋಡಲು ಬರುತ್ತಿದ್ದಾರೆ.

ಆಸೆಯೇನು ಎಂದು ಕೇಳಿದರೆ ಗುಂಡಿ ಅಕ್ಕ ದಾರವನ್ನು ಹಲ್ಲಿನಿಂದ ಕತ್ತರಿಸುತ್ತಾರೆ.

“ಅತ್ತಿಗೆ ಬಂದು ಬಾಗಿಲು ಬಡೀತಾರಲ್ಲ, ನಾನು ಏಳಲ್ಲ. ಇಲ್ಲೇ ಗುಂಡಿ ಹೊಲೀತಾ ಕೂತಿರ್ತೀನಿ. ಬಾಗಿಲು ನಮ್ಮನೆಯವರೇ ಎದ್ದು ಹೋಗಿ ತೆಗೀಲಿ.”