ಭರವಸೆ ಸಮಿತಿ ಶೆಡ್ಡಿಗೆ ಬಂದ ದಿನ

ನಾನು ಸರ್ಕಾರದ ಉದ್ಯಮ ಇಲಾಖೆಯೊಂದರಲ್ಲಿ ವಿಸ್ತರಣಾಧಿಕಾರಿ. ಸಣ್ಣ ಉದ್ಯೋಗ ಮಾಡುವವರಿಗೆ ಅರ್ಜಿ ಬರೆಸುವುದು, ತರಬೇತಿ ಏರ್ಪಡಿಸುವುದು, ಇಲಾಖೆ ಕಟ್ಟಿಸಿಕೊಟ್ಟ ಕಟ್ಟಡಗಳು ನಡೆಯುತ್ತಿವೆಯೇ ಎಂದು ನೋಡಿ ಬರುವುದು ನನ್ನ ಕೆಲಸ. ಮನೆ ಚಿಕ್ಕೋಡಿಯಲ್ಲಿ, ತವರು ರಾಯಬಾಗ. ಇವತ್ತು ನಿಪ್ಪಾಣಿ, ನಾಳೆ ಅಥಣಿ ಎಂದು ಅರ್ಧ ನೌಕರಿಯನ್ನು ಬಸ್ಸಿನಲ್ಲೇ ಮಾಡಿದ್ದೇನೆ. ಇಷ್ಟು ವರ್ಷ ಶಾಸಕರೆಂದರೆ ನನ್ನ ಪಾಲಿಗೆ ಯಾರದೋ ಅರ್ಜಿಯ ಬಗ್ಗೆ ಫೋನ್ ಮಾಡುವವರು, ಇಲ್ಲವೇ ಉದ್ಘಾಟನೆಗೆ ತಡವಾಗಿ ಬರುವವರು. ಆ ತಿಳಿವಳಿಕೆ ಬದಲಾದದ್ದು ಒಂದು ಚಪ್ಪಲಿ ಶೆಡ್ಡಿನಲ್ಲಿ.

ಅಥಣಿಯಿಂದ ಕಾಗವಾಡದ ಕಡೆ ಹೋಗುವಾಗ ದ್ರಾಕ್ಷಿ ತೋಟಗಳ ನಡುವೆ ಒಂದು ಊರು ಸಿಗುತ್ತದೆ. ಅಲ್ಲಿ ಒಂದು ಓಣಿಯ ತುಂಬ ತೊಗಲಿನ ಚಪ್ಪಲಿ ಮಾಡುವ ಮನೆಗಳಿವೆ. ಗಂಡಸರು ಚಪ್ಪಲಿಯ ತಳದ ಅಟ್ಟೆ ಕತ್ತರಿಸಿ ಹೊಲಿಯುತ್ತಾರೆ, ಹೆಂಗಸರು ಮೇಲಿನ ಪಟ್ಟಿಗೆ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಾರೆ. ಅಟ್ಟೆಯ ದಪ್ಪ ತೊಗಲನ್ನು ಕಲ್ಲಿನ ಮೇಲಿಟ್ಟು ಬಡಿದು ಗಟ್ಟಿ ಮಾಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ರಟ್ಟೆ ಸೋತ ಮೇಲೆ ಅದು ಆಗುವುದಿಲ್ಲ. ಅಟ್ಟೆ ಒತ್ತುವ ಯಂತ್ರ, ಹೊಲಿಯುವ ಯಂತ್ರ ಒಂದು ಕಡೆ ಇರಲಿ, ಎಲ್ಲರೂ ಬಂದು ಬಳಸಲಿ ಎಂದು ಇಲಾಖೆ ಒಂದು ಶೆಡ್ ಕಟ್ಟಿಸಿತು. ಯಂತ್ರಗಳು ಬಂದವು. ಕರೆಂಟ್ ಬರಲಿಲ್ಲ.

ಶೆಡ್ಡಿನ ಕೆಲಸ ಶುರುವಾದಾಗ ಆ ಊರು ಹಳೆಯ ತಾಲ್ಲೂಕಿನಲ್ಲಿತ್ತು. ಗೋಡೆಗೆ ಬಣ್ಣ ಹಚ್ಚುವ ಹೊತ್ತಿಗೆ ತಾಲ್ಲೂಕು ಒಡೆದು ಊರು ಹೊಸ ತಾಲ್ಲೂಕಿಗೆ ಸೇರಿತು. ಯಂತ್ರಗಳು ನಡೆಯಬೇಕಾದರೆ ಜನ ಟಿಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್ ಕೂಡಿಸಬೇಕಿತ್ತು. ಊರು ಈಗ ನಮ್ಮದಲ್ಲ ಎಂದು ಹಳೆಯ ತಾಲ್ಲೂಕಿನ ವಿದ್ಯುತ್ ಕಚೇರಿಯವರು ಹೇಳಿದರು. ಅರ್ಜಿ ಅವರ ಕಾಲದ್ದು, ಅವರೇ ಮಾಡಲಿ ಎಂದು ಹೊಸ ತಾಲ್ಲೂಕಿನವರು ಹೇಳಿದರು. ನಾನು ಇಬ್ಬರಿಗೂ ಪತ್ರ ಬರೆದೆ, ಇಬ್ಬರೂ ಮರ್ಯಾದೆಯಿಂದ ಉತ್ತರ ಕೊಟ್ಟರು.

ಆ ಓಣಿಯ ಹೆಂಗಸರ ಸಂಘಕ್ಕೆ ಒಬ್ಬ ಹಿರಿಯ ಹೆಂಗಸು ಮುಂದಾಳು. ಊರೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನುವಂತೆ ಬಾಯಾರ ಎನ್ನುತ್ತಿದ್ದರು. ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ನಾನು ಹೋದಾಗಲೆಲ್ಲ ಬುದ್ಧನ ಫೋಟೋ ಇರುವ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡುತ್ತಿದ್ದರು. ಶೆಡ್ಡಿನ ವಿಷಯ ಮಾತ್ರ ತೆಗೆಯುತ್ತಿರಲಿಲ್ಲ. ಒಮ್ಮೆಯಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ನಡುವೆ ವಿಧಾನಸಭೆಯಲ್ಲಿ ಒಬ್ಬ ಶಾಸಕರು ಈ ಶೆಡ್ಡಿನ ಬಗ್ಗೆ ಪ್ರಶ್ನೆ ಕೇಳಿದರು. ಮೂರು ತಿಂಗಳಲ್ಲಿ ಶುರುಮಾಡುತ್ತೇವೆ ಎಂದು ಮಂತ್ರಿಗಳು ಉತ್ತರ ಕೊಟ್ಟರು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು, ನಾವೆಲ್ಲ ಮರೆತೆವು. ಸದನದಲ್ಲಿ ಮಂತ್ರಿ ಆಡಿದ ಇಂಥ ಮಾತುಗಳನ್ನೆಲ್ಲ ಆರಿಸಿ ಇಟ್ಟುಕೊಂಡು, ಅವು ನಡೆದವೋ ಇಲ್ಲವೋ ಎಂದು ಬೆನ್ನು ಹತ್ತುವ ಶಾಸಕರ ಸಮಿತಿಯೊಂದು ಇದೆ ಎಂಬುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅದೇ ಭರವಸೆಗಳ ಸಮಿತಿ. ಕೆಲವು ವರ್ಷ ಕಳೆದ ಮೇಲೆ, ಸಮಿತಿ ಖುದ್ದಾಗಿ ಶೆಡ್ ನೋಡಲು ಬರುತ್ತದೆ ಎಂಬ ಪತ್ರ ಬಂತು.

ಜಿಲ್ಲಾ ಕಚೇರಿಯ ನಮ್ಮ ಸಾಹೇಬರು ಒಳ್ಳೆಯವರು, ಆದರೆ ಅಂಜುಬುರುಕರು. ಹಿಂದಿನ ದಿನ ನನ್ನನ್ನು ಕರೆಸಿ, ಯಾರು ಏನು ಕೇಳಿದರೂ ಪ್ರಗತಿಯಲ್ಲಿದೆ ಎನ್ನಬೇಕು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ತಲೆಯಾಡಿಸಿದೆ. ಮಾವಶಿಗೂ ಫೋನ್ ಮಾಡಿ ತಿಳಿಸಿದೆ. ಅವರು ನಾವೇನು ಹೇಳಬೇಕು ಎಂದು ಕೇಳಿದರು. ಇದ್ದದ್ದು ಹೇಳಿರಿ ಎಂದೆ. ಸಾಹೇಬರು ನನಗೆ ಹೇಳಿದ್ದು ಮಾವಶಿಗೂ ಅನ್ವಯಿಸುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಕಬ್ಬಿನ ಸುಗ್ಗಿ. ರಾಯಬಾಗ ದಾಟಿದ ಮೇಲೆ ಟ್ರ್ಯಾಕ್ಟರುಗಳ ಹಿಂದೆ ಸಮಿತಿಯ ಬಸ್ಸು ಆಮೆಯಂತೆ ಬಂತು. ಸಮಿತಿಯ ಅಧ್ಯಕ್ಷೆ ದಕ್ಷಿಣದ ಜಿಲ್ಲೆಯೊಂದರ ಹಿರಿಯ ಶಾಸಕಿ. ಹತ್ತಿ ಸೀರೆ, ಮೊಣಕಾಲಿನ ನೋವು, ಮೆಲ್ಲಗಿನ ಮಾತು. ಅವರ ಹಿಂದೆ ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಇಳಿದರು. ಮಾವಶಿ ಎಲ್ಲರಿಗೂ ಗುಲಾಬಿ ಕೊಟ್ಟರು. ಅಧ್ಯಕ್ಷೆ ಹೂವನ್ನು ಕೈಯಲ್ಲಿ ಹಿಡಿದುಕೊಂಡೇ ನೇರವಾಗಿ ಅಟ್ಟೆ ಒತ್ತುವ ಯಂತ್ರದ ಹತ್ತಿರ ಹೋದರು.

“ಇದನ್ನ ಸ್ವಲ್ಪ ಆನ್ ಮಾಡಿ ತೋರಿಸ್ತೀರಾ?”

ಸಾಹೇಬರು ಮುಂದೆ ಬಂದರು. “ಕೆಲಸ ಪ್ರಗತಿಯೊಳಗ ಐತ್ರಿ, ಮೇಡಂ.”

“ಎಲ್ಲಿವರೆಗೆ ಬಂದಿದೆ? ರಸ್ತೆವರೆಗಾ, ಬಾಗಿಲವರೆಗಾ?”

ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಆಡಳಿತ ಪಕ್ಷದ ಒಬ್ಬ ಸದಸ್ಯರು ಇಲಾಖೆಯ ಪರವಾಗಿ, ಇಂಥ ಕೆಲಸಕ್ಕೆ ಸಮಯ ಹಿಡಿಯುತ್ತದೆ ಎಂದರು. ಅಧ್ಯಕ್ಷೆ ಅದಕ್ಕೆ ಉತ್ತರ ಕೊಡದೆ ಮಾವಶಿಯ ಕಡೆ ತಿರುಗಿ, ಈ ಯಂತ್ರ ಒಮ್ಮೆಯಾದರೂ ನಡೆದಿದೆಯಾ ಎಂದು ಕೇಳಿದರು.

“ಒಮ್ಮೆ ನಡದೈತ್ರಿ,” ಎಂದರು ಮಾವಶಿ. “ಉದ್ಘಾಟನಾ ಮಾಡಿದ ದಿನ ಜನರೇಟರ್ ತಂದಿದ್ರು. ದೊಡ್ಡವರು ಹೋದ್ರು, ಅವರ ಹಿಂದ ಜನರೇಟರೂ ಹೋತು.”

ಇಲಾಖೆಯ ಪರ ಮಾತಾಡಿದ್ದ ಸದಸ್ಯರೇ ಮೊದಲು ನಕ್ಕರು. ಆಮೇಲೆ ಅವರ ಮುಖ ಬಿಗಿಯಿತು. ಮಾತು ಕೊಟ್ಟದ್ದು ನಮ್ಮ ಸರ್ಕಾರವೇ ಆದ್ದರಿಂದ ಮೊದಲು ನಾವೇ ಕೇಳಬೇಕು ಎಂದು ಕುರ್ಚಿ ಎಳೆದುಕೊಂಡು ಕೂತರು. ಅಧ್ಯಕ್ಷೆ ನನ್ನನ್ನು ನೋಡಿದರು.

“ಇಲ್ಲಿಗೆ ಬಂದು ಹೋಗೋರು ನೀವು ತಾನೆ? ಏನಾಗಿದೆ ಹೇಳಿ.”

ನಾನು ಸಾಹೇಬರನ್ನು ನೋಡಿದೆ. ಅವರು ಮೇಲಿನ ತಗಡು ನೋಡುತ್ತಿದ್ದರು. “ಕಂಬ ರಸ್ತೀ ಮಟ ಬಂದಾವ್ರಿ, ಮೇಡಂ. ಟಿಸಿ ಕೂಡಿಸಿಲ್ರಿ. ಎರಡೂ ಕಚೇರಿಯವರು ನಮ್ಮದಲ್ಲ ಅಂತಾರ್ರಿ. ನಾವು ಪತ್ರ ಬರದ್ವಿ, ಅಷ್ಟಕ್ಕ ಸುಮ್ನಾದ್ವಿರಿ.”

ಹೇಳಿದ ಮೇಲೆ ಅಂಜಿಕೆಯ ಬದಲು ಒಂದು ಥರದ ನಿರಾಳ. ಅಧ್ಯಕ್ಷೆ ಎರಡೂ ವಿದ್ಯುತ್ ಕಚೇರಿಗಳ ಅಧಿಕಾರಿಗಳನ್ನು ಕರೆಸಿ ಎಂದರು. ಊಟಕ್ಕೆ ಪ್ರವಾಸಿ ಮಂದಿರದಲ್ಲಿ ವ್ಯವಸ್ಥೆಯಾಗಿದೆ ಎಂದು ಸಾಹೇಬರು ನೆನಪಿಸಿದಾಗ ಅವರು, “ಇದು ಇತ್ಯರ್ಥ ಆಗೋವರೆಗೂ ನಾವು ಇಲ್ಲೇ ಇರ್ತೀವಿ. ಊಟ ಅಲ್ಲಿರೋರು ಮಾಡ್ಲಿ,” ಎಂದು ಸೆರಗು ಸರಿಮಾಡಿಕೊಂಡು ಕೂತರು.

ಮಾವಶಿ ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದೊಡ್ಡವರು ನಮ್ಮ ಓಣಿಯ ಅಡುಗೆ ಉಣ್ಣುತ್ತಾರೆಯೇ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅಧ್ಯಕ್ಷೆಯ ಕಿವಿಗೆ ಬಿತ್ತು. ಹಸಿವಾಗಿದೆ, ನೀವು ಏನು ಉಣ್ಣುತ್ತೀರೋ ಅದನ್ನೇ ಕೊಡಿ ಎಂದರು. ಓಣಿಯ ಒಂದೊಂದು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಮೊಸರು. ವಿರೋಧ ಪಕ್ಷದ ಒಬ್ಬರು ಚಟ್ನಿಯ ಖಾರಕ್ಕೆ ಕಣ್ಣೀರು ಹಾಕಿದರು, ಆಡಳಿತ ಪಕ್ಷದ ಆ ಸದಸ್ಯರು ತಮ್ಮ ಮೊಸರನ್ನು ಅವರ ತಟ್ಟೆಗೆ ಸುರಿದರು. ಟೀವಿಯಲ್ಲಿ ಇವರಿಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ನಾನು ನೋಡಿದ್ದೆ.

ಊಟ ಮುಗಿಯುವಷ್ಟರಲ್ಲಿ ಇಬ್ಬರು ಅಧಿಕಾರಿಗಳೂ ಬಂದರು. ಹಳೆಯ ತಾಲ್ಲೂಕಿನವರು ನಿವೃತ್ತಿಯ ಹತ್ತಿರದವರು, ಹೊಸ ತಾಲ್ಲೂಕಿನವರು ಇನ್ನೂ ಹುಡುಗರಂತಿದ್ದವರು. ಇಷ್ಟು ವರ್ಷ ಪತ್ರದಲ್ಲಿ ಒಬ್ಬರ ಮೇಲೊಬ್ಬರು ಹೊಣೆ ಹಾಕುತ್ತಿದ್ದ ಇವರಿಬ್ಬರು ಮುಖಾಮುಖಿ ಆದದ್ದು ಅದೇ ಮೊದಲು. ಈ ಶೆಡ್ಡಿಗೆ ಕರೆಂಟ್ ಕೊಡಬೇಕಾದವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಅಧ್ಯಕ್ಷೆ ಬೈಯಲಿಲ್ಲ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದರು. ನೀರು ಕುಡಿದು ಮತ್ತೊಮ್ಮೆ ಕೇಳಿದರು. ಅಷ್ಟೂ ಹೆಂಗಸರು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

ಕೊನೆಗೆ ಕಿರಿಯರು ಹೇಳಿದರು, “ಹಳೇ ಫೈಲ್ ನಮ್ಮ ಕೈಗೆ ಕೊಟ್ರ ನಾವ ಮಾಡ್ತೇವ್ರಿ.”

ಹಿರಿಯರು ಅವರತ್ತ ತಿರುಗಿದರು. “ಹಿಂಗ ಕೇಳಿದ್ರ ಅವತ್ತ ಕೊಡ್ತಿದ್ದೆ. ಎಲ್ಲೆ ಕೇಳಿದ್ರಿ ನೀವು?”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಒಂದು ಮೋಟರ್‌ಸೈಕಲ್ ಹೋಗಿ ಬರುವಷ್ಟು ದೂರದಲ್ಲಿ ಆ ಫೈಲ್ ಇಷ್ಟು ದಿನ ಇತ್ತು. ಅಧ್ಯಕ್ಷೆ ಈಗಲೇ ತರಿಸಿ ಎಂದರು, ಒಬ್ಬ ಲೈನ್‌ಮನ್ ಹೊರಟ.

ಅವನು ಬರುವವರೆಗೆ ಅಧ್ಯಕ್ಷೆ ಹೆಂಗಸರ ನಡುವೆ ಹೋಗಿ ಕೂತು ಎಳೆ ಹೆಣೆಯುವುದನ್ನು ನೋಡಿದರು. ಮಾವಶಿ ರದ್ದಿ ಕಾಗದ ಹಾಸಿ ಅವರ ಪಾದ ಇಡಿಸಿ ಪೆನ್ಸಿಲಿನಿಂದ ಅಳತೆ ತೆಗೆದರು. ಬೆರಳು ಸೊಟ್ಟಗಿವೆ, ಯಾವ ಚಪ್ಪಲಿಯೂ ಹಿಡಿಸುವುದಿಲ್ಲ ಎಂದು ಅಧ್ಯಕ್ಷೆ ಸಂಕೋಚಪಟ್ಟರು. ಚಪ್ಪಲಿಯೇ ಕಾಲಿಗೆ ಹೊಂದಿಕೊಳ್ಳಬೇಕು, ಕಾಲು ಚಪ್ಪಲಿಗಲ್ಲ ಎಂದು ಮಾವಶಿ ಸಮಾಧಾನ ಹೇಳಿದರು. ಇಬ್ಬರೂ ಮೊಣಕಾಲಿನ ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು, ಅದರಿಂದ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಫೈಲ್ ಬಂತು. ಅಲ್ಲೇ ಕೈ ಬದಲಾಯಿತು. ಟಿಸಿ ಯಾವಾಗ ಕೂಡಿಸುತ್ತೇವೆ ಎಂದು ಕಿರಿಯ ಅಧಿಕಾರಿ ತಾವೇ ದಿನ ಬರೆದುಕೊಟ್ಟರು. ಅಧ್ಯಕ್ಷೆ ಅದನ್ನು ಓದಿ, ಇದು ನೀವೇ ಬರೆದ ದಿನ, ನಾವು ಹೇಳಿದ್ದಲ್ಲ ಎಂದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಎಲ್ಲರೂ ಬನ್ನಿ, ಅಲ್ಲಿ ಕೇಳುತ್ತೇವೆ ಎಂದು ಬಸ್ಸು ಹತ್ತಿದರು.

ಅಧಿವೇಶನದ ಹೊತ್ತಿಗೆ ನಾವು ಬೆಳಗಾವಿಗೆ ಹೋದೆವು. ಉದ್ದನೆಯ ಮೇಜಿನ ಒಂದು ಬದಿಗೆ ಶಾಸಕರು, ಇನ್ನೊಂದು ಬದಿಗೆ ಬೆಂಗಳೂರಿನಿಂದ ಬಂದ ನಮ್ಮ ದೊಡ್ಡ ಅಧಿಕಾರಿಗಳು, ಅವರ ಹಿಂದಿನ ಸಾಲಿನಲ್ಲಿ ಸಾಹೇಬರು ಮತ್ತು ನಾನು. ಶೆಡ್ ಕಾರ್ಯಾರಂಭ ಮಾಡಿದೆ ಎಂದು ದೊಡ್ಡ ಅಧಿಕಾರಿ ಓದಿ ಹೇಳಿದರು. ಅಧ್ಯಕ್ಷೆ ಹಾಳೆಯಿಂದ ತಲೆಯೆತ್ತಿ ಹಿಂದಿನ ಸಾಲಿನಲ್ಲಿ ನನ್ನನ್ನು ಹುಡುಕಿ, ಆ ಅಮ್ಮನಿಗೆ ಒಂದು ಫೋನ್ ಮಾಡಿ ಎಂದರು.

ನಾನು ಸ್ಪೀಕರ್ ಹಾಕಿದೆ. ಮೊದಲು ಬರೀ ಗದ್ದಲ. ಆಮೇಲೆ ಮಾವಶಿಯ ದನಿ.

“ಬಾಯಾರ, ಏನೂ ಕೇಳವಲ್ದು. ತಡೀರಿ, ಮಶೀನ್ ಬಂದ್ ಮಾಡಸ್ತೇನಿ.”

“ಬೇಡ, ನಿಲ್ಲಿಸಬೇಡಿ,” ಎಂದರು ಅಧ್ಯಕ್ಷೆ. “ನಮಗೆ ಅದೇ ಕೇಳಬೇಕಿತ್ತು.”

ಆ ದೊಡ್ಡ ಕೋಣೆಯಲ್ಲಿ ಯಂತ್ರದ ಗಡಗಡ ಸದ್ದನ್ನು ಎಲ್ಲರೂ ಸುಮ್ಮನೆ ಕೂತು ಕೇಳಿದರು. ನಾನು ಫೋನ್ ಹಿಡಿದ ಕೈಯನ್ನು ಚಾಚಿಯೇ ನಿಂತಿದ್ದೆ. ಅಧ್ಯಕ್ಷೆ ತಮ್ಮ ಮುಂದಿನ ಹಾಳೆಯಲ್ಲಿ ಏನೋ ಗುರುತು ಹಾಕಿ, ಮುಂದಿನ ವಿಷಯ ಎಂದರು. ನಮ್ಮ ಸರದಿ ಮುಗಿದಿತ್ತು. ಹೊರಗೆ ಬಂದ ಮೇಲೆ ಸಾಹೇಬರು ಕ್ಯಾಂಟೀನಿಗೆ ಕರೆದೊಯ್ದು ಚಹಾ ಕೊಡಿಸಿದರು. ಅವತ್ತು ಶೆಡ್ಡಿನಲ್ಲಿ ನೀವು ಬಾಯಿ ಬಿಟ್ಟಾಗ ನನಗೆ ಸಿಟ್ಟು ಬಂದಿತ್ತು ಎಂದರು. ಈಗೇನು ಎಂದು ಕೇಳಿದೆ. ಈಗ ನಿದ್ದೆ ಚೆನ್ನಾಗಿ ಬರುತ್ತದೆ ಎಂದರು.

ಆ ಸಮಿತಿಯಲ್ಲಿ ಈಗ ಬೇರೆ ಶಾಸಕರಿದ್ದಾರೆ. ಹಳೆಯ ತಾಲ್ಲೂಕಿನ ಅಧಿಕಾರಿ ನಿವೃತ್ತರಾಗಿದ್ದಾರೆ. ಶೆಡ್ಡಿನಲ್ಲಿ ಜಾಗ ಸಾಲದೆ ಯಾರ ಪಾಳಿ ಯಾವಾಗ ಎಂದು ಹೆಂಗಸರು ಜಗಳಾಡುತ್ತಾರೆ. ಮಾವಶಿ ಈಗ ಚಹಾ ಕೊಡುವ ಮೊದಲೇ ಬೈಯುತ್ತಾರೆ: ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿಸಿಕೊಡಿ ಎಂದು ಎಷ್ಟು ಸಲ ಹೇಳಬೇಕು ಎಂದು. ಹೋದ ತಿಂಗಳು ಆ ಕೋಣೆಯ ಬಗ್ಗೆ ಸದನದಿಂದಲೇ ಒಂದು ಪ್ರಶ್ನೆ ಬಂತು. ಶಾಸಕರ ಕೈಲಿ ಅದನ್ನು ಕೇಳಿಸಿದವರು ಯಾರು ಎಂದು ನಾನು ಮಾವಶಿಯನ್ನು ಕೇಳಲಿಲ್ಲ. ಜಾಗದ ಪತ್ರ ಪಂಚಾಯಿತಿಯಿಂದ ಇನ್ನೂ ಬಂದಿಲ್ಲ, ಬಂದರೆ ಈ ವರ್ಷವೇ ಕೆಲಸ ಶುರುಮಾಡಬಹುದು ಎಂದು ಉತ್ತರ ಬರೆದು ಸಾಹೇಬರಿಗೆ ಕಳಿಸಿದೆ. ಅವರು ಒಂದಕ್ಷರವೂ ತಿದ್ದದೆ ಸಹಿ ಹಾಕಿದರು. ಅವತ್ತು ಬೇಗ ಬಸ್ಸು ಸಿಕ್ಕಿತು. ಚಿಕ್ಕೋಡಿಯ ಸಂತೆಯಲ್ಲಿ ಎಳೆಯ ಮೆಂತ್ಯಸೊಪ್ಪು ತೆಗೆದುಕೊಂಡು ಇನ್ನೂ ಬಿಸಿಲಿರುವಾಗಲೇ ಮನೆ ಸೇರಿದೆ.