ಡೆಟ್ರಾಯಿಟ್‌ನಲ್ಲಿ ಯುಗಾದಿ ಊಟ

ಅಲ್ಯೂಮಿನಿಯಂ ಟ್ರೇಗಳ ಕೆಳಗೆ, ಊಟ ಆರದಿರಲೆಂದು, ಉರಿಸಿಡುವ ಪುಟ್ಟ ಡಬ್ಬಿಗಳು ಗೊತ್ತಲ್ಲ? ಹಗಲಿನಲ್ಲಿ ಆ ನೀಲಿ ಉರಿ ಕಣ್ಣಿಗೆ ಕಾಣುವುದೇ ಇಲ್ಲ, ವಾಸನೆ ಮಾತ್ರ ಬರುತ್ತದೆ... ಆಸ್ಪತ್ರೆಯ ಸ್ಪಿರಿಟ್ಟಿಗೂ ಮದುವೆಮನೆಗೂ ನಡುವಿನ ಒಂದು ವಾಸನೆ. ಕಳೆದ ವಾರ ಶಿಕಾಗೊ ಪಕ್ಕದ ಇಟಾಸ್ಕಾದ ಒಂದು ಹೋಟೆಲಿನಲ್ಲಿ ಅದು ಮೂಗಿಗೆ ಬಡಿಯಿತು. ನಾನು ಕೆಲಸ ಮಾಡುವ ಕಂಪನಿ ಅಲ್ಲಿ ಒಂದು ವಿಚಾರಗೋಷ್ಠಿ ಇಟ್ಟುಕೊಂಡಿತ್ತು. ಅಮೆರಿಕದ ದೊಡ್ಡ ನಗರವೊಂದು ವಿಶ್ವದರ್ಜೆಯದು ಎನಿಸಿಕೊಳ್ಳುವುದು ಯಾವುದರಿಂದ ಎಂಬುದು ವಿಷಯ. ವೇದಿಕೆಯ ಮೇಲಿದ್ದವರು ವಿಮಾನ ನಿಲ್ದಾಣ ಎಂದರು, ಸರೋವರದ ದಂಡೆ ಎಂದರು, ಮುಗಿಲು ಮುಟ್ಟುವ ಕಟ್ಟಡಗಳ ಸಾಲು ಎಂದರು. ಶಿಕಾಗೊ ಪಾಸಾಯಿತು. ಯಾರೋ ಡೆಟ್ರಾಯಿಟ್ ಹೆಸರೆತ್ತಿದಾಗ ಸಭೆಯಲ್ಲಿ ಸಣ್ಣ ನಗೆ. ಹೈಸ್ಕೂಲಿನಿಂದಲೂ ಡಿಬೇಟ್ ಮಾಡಿ ಬೆಳೆದವಳು ನಾನು. ಅಂಥ ನಗೆ ಕೇಳಿದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಅವತ್ತು ಏಳಲಿಲ್ಲ. ಊಟದ ಮೇಜಿನ ಕಡೆಯಿಂದ ಆ ವಾಸನೆ ಬರುತ್ತಿತ್ತು, ನನಗೆ ಪಕ್ಕದ ಮನೆಯ ಆಂಟಿ ನೆನಪಾಗಿದ್ದರು.

ಡೆಟ್ರಾಯಿಟ್ ಹೊರವಲಯದ ನಾರ್ತ್‌ವಿಲ್‌ನ ನಮ್ಮ ಬಡಾವಣೆಯಲ್ಲಿ ಅವರ ಹುಲ್ಲು ಎಲ್ಲಿ ಮುಗಿದು ನಮ್ಮದು ಎಲ್ಲಿ ಶುರುವಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಧಾರವಾಡದ ಕಡೆಯವರು, ಮಕ್ಕಳ ಡಾಕ್ಟರು. ಗಂಡ ತೀರಿಕೊಂಡಿದ್ದರು, ಮಗಳು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಕನ್ನಡ ಕೂಟದಲ್ಲಿ ದಿನಾ ಡೆಟ್ರಾಯಿಟ್ ಊರೊಳಗೆ ಕೆಲಸಕ್ಕೆ ಹೋಗುತ್ತಿದ್ದವರು ಅವರೊಬ್ಬರೇ. ಮಿಕ್ಕವರಿಗೆ ಡೆಟ್ರಾಯಿಟ್ ಎಂದರೆ ವಿಮಾನದ ಟಿಕೆಟ್ಟಿನ ಮೇಲಿನ ಒಂದು ಹೆಸರು. ಮೈಸೂರಿನಿಂದ ಏಳನೇ ಕ್ಲಾಸಿಗೆ ಬಂದ ನಾನು ವರ್ಷದೊಳಗೆ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಾಗ ಅವರು ಬಿಡಲಿಲ್ಲ. "ಏ ತಂಗಿ, ಆ ಭಾಷಾ ನಾ ಕ್ಲಿನಿಕ್‌ನಾಗ ಮಾತಾಡಿ ಸಾಕಾಗಿ ಬಂದೀನಿ. ನನ್ನ ಜೋಡಿ ಜಗಳಾಡೂದಿದ್ರ ಕನ್ನಡದಾಗ ಆಡು" ಎನ್ನುತ್ತಿದ್ದರು. ಆಡಿದೆವು. ಡ್ರೈವ್‌ವೇಯ ಹಿಮ ಎತ್ತಿ ಹಾಕುತ್ತ ಅವರನ್ನು ಕೆಣಕುತ್ತಿದ್ದೆ.

"ಆಂಟಿ, ಡೆಟ್ರಾಯಿಟ್ ವರ್ಲ್ಡ್ ಕ್ಲಾಸ್ ಸಿಟಿ ಅಂತ ಪ್ರೂವ್ ಮಾಡಿ ನೋಡೋಣ."

"ವರ್ಲ್ಡ್ ಕ್ಲಾಸ್ ತಗೊಂಡು ಏನ್ ಮಾಡ್ಲಿ? ಕ್ಲಿನಿಕ್ ಮುಂದ ಟೈಮಿಗೆ ಬಸ್ ಬಂದ್ರ ಸಾಕಾಗ್ತದ ನನಗ."

"ಅದು ಆರ್ಗ್ಯುಮೆಂಟ್ ಅಲ್ಲ, ಆಂಟಿ."

"ಹೌದವಾ, ಅದು ಬಸ್ಸು."

ಅವರಿಗೆ ಒಂದೇ ಒಂದು ಆಸೆಯಿತ್ತು. ಒಂದು ವರ್ಷವಾದರೂ ಕೂಟದ ಯುಗಾದಿ ಡೆಟ್ರಾಯಿಟ್ ಊರೊಳಗೆ, ಅವರ ಕ್ಲಿನಿಕ್ಕಿನ ಪಕ್ಕದ ಚರ್ಚಿನ ಹಾಲಿನಲ್ಲಿ ಆಗಬೇಕು. ಕ್ಲಿನಿಕ್ಕಿನ ಜನ ನಮ್ಮ ಅತಿಥಿಗಳಾಗಿ ಬರಬೇಕು. "ಅವರ ಮನಿ ಮದುವಿ, ಅವರ ಮನಿ ಸಾವು, ಎಲ್ಲಾದಕ್ಕೂ ನನ್ನ ಕರದಾರ. ಇಷ್ಟು ವರ್ಷ ಅವರ ಊಟ ಉಂಡೀನಿ. ಒಮ್ಮೆರೆ ನಮ್ಮ ಜನಾನ್ನ ತೋರಸಬ್ಯಾಡೇನು?"

ಅದು ಒಬ್ಬರ ಬೇಸ್‌ಮೆಂಟಿನಲ್ಲಿ ನಡೆದ ಕೂಟದ ಮೀಟಿಂಗಿಗೆ ಬಂತು. ಆಂಟಿಗೆ ಸಭೆಯಲ್ಲಿ ಮಾತು ಬರುವುದಿಲ್ಲ. ನನಗೆ ಅದು ಬಿಟ್ಟು ಬೇರೇನೂ ಬರುವುದಿಲ್ಲ. ಹನ್ನೊಂದನೇ ಕ್ಲಾಸಿನವಳು, ಅವರ ಪಕ್ಕದಲ್ಲಿ ಕೂತೆ. ಒಬ್ಬ ಅಂಕಲ್ ಶುರು ಮಾಡಿದರು. "ಮೇಡಂ, ಶಿಕಾಗೊದವ್ರು ಡೌನ್‌ಟೌನ್‌ನಲ್ಲಿ ಫಂಕ್ಷನ್ ಮಾಡಿದ್ರೆ ಅದಕ್ಕೊಂದು ಅರ್ಥ ಇದೆ. ವರ್ಲ್ಡ್ ಕ್ಲಾಸ್ ಸಿಟಿ. ನಮ್ಮ ಡೆಟ್ರಾಯಿಟ್‌ನಲ್ಲಿ ಏನಿದೆ ಅಂತ ಹೋಗೋದು?"

"ಅಂಕಲ್, ಮೈಸೂರಲ್ಲಿ ಯಾರಾದ್ರೂ ಎಲ್ಲಿದೀರಾ ಅಂದ್ರೆ ಏನಂತೀರಾ?" ಎಂದು ಕೇಳಿದೆ.

"ಡೆಟ್ರಾಯಿಟ್ ಅಂತೀನಿ. ನಾರ್ತ್‌ವಿಲ್ ಅಂದ್ರೆ ಯಾರಿಗಮ್ಮಾ ಗೊತ್ತಾಗುತ್ತೆ?"

"ಅಂದ್ರೆ ಹೆಸರು ಹೇಳ್ಕೊಳ್ಳೋಕೆ ಆಗುತ್ತೆ, ಊಟಕ್ಕೆ ಹೋಗೋಕೆ ಆಗಲ್ಲ. ಶಿಕಾಗೊ ಹತ್ರ ಇರೋ ಲೆಮಾಂಟ್ ದೇವಸ್ಥಾನಕ್ಕೆ ಇಲ್ಲಿಂದ ಐದು ಗಂಟೆ ಡ್ರೈವ್ ಮಾಡ್ತೀರಾ, ಡೆಟ್ರಾಯಿಟ್‌ಗೆ ಅರ್ಧ ಗಂಟೆ ಆಗಲ್ವಾ?"

ಜನ ನಕ್ಕರು. "ಲಾಯರ್ ಆಗ್ತಾಳೆ ಕಣ್ರೀ ಇವ್ಳು" ಎಂದರು ಯಾರೋ. ಕೈ ಎತ್ತಿ ಎಂದಾಗ ಬೇಸ್‌ಮೆಂಟಿನಲ್ಲಿದ್ದ ಕೈಗಳೆಲ್ಲ ಮೇಲೆದ್ದವು. ಆ ಅಂಕಲ್‌ದೂ. ಅಪ್ಪನದೂ. ಆಂಟಿ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ.

ನಮ್ಮ ಕೂಟದಲ್ಲಿ ಊಟವೆಂದರೆ ಪಾಟ್‌ಲಕ್: ಒಂದೊಂದು ಮನೆಗೆ ಒಂದೊಂದು ಅಡುಗೆ ಹಂಚುತ್ತಾರೆ. ಹಬ್ಬದ ಹಿಂದಿನ ಸಂಜೆಯೇ ಎಲ್ಲರೂ ತಮ್ಮ ಪಾಲಿನ ಟ್ರೇಯನ್ನು ಆಂಟಿಯ ಗ್ಯಾರೇಜಿಗೆ ತಂದಿಟ್ಟರು. ಒಬ್ಬರೂ ತಪ್ಪಿಸಲಿಲ್ಲ. ಪುಳಿಯೋಗರೆ, ಕೋಸಂಬರಿ, ಹೋಳಿಗೆ, ನಮ್ಮ ಮನೆಯ ಬಿಸಿಬೇಳೆ ಬಾತ್. ಹಿಮ ಬೀಳಬಹುದೆಂಬ ಮುನ್ಸೂಚನೆ ಇತ್ತು. ಬೆಳಿಗ್ಗೆ ನೋಡಿದರೆ ಚೆನ್ನಾಗಿ ಬಿಸಿಲು. ಆಂಟಿಯ ವ್ಯಾನಿಗೆ ಟ್ರೇಗಳನ್ನು ತುಂಬಿಕೊಂಡು ನಾವಿಬ್ಬರು ಮುಂಚೆಯೇ ಹೊರಟೆವು.

ಹಾಲ್ ತುಂಬಿತ್ತು. ನರ್ಸುಗಳು, ಆಂಟಿ ಔಷಧಿ ಕೊಟ್ಟು ಬೆಳೆಸಿದ ಮಕ್ಕಳು, ಆ ಮಕ್ಕಳ ಮಕ್ಕಳು. ಎಲ್ಲರೂ ಭಾನುವಾರದ ಚರ್ಚಿಗೆ ಹಾಕುವಂಥ ಬಟ್ಟೆ ಹಾಕಿದ್ದರು. ಹಬ್ಬಕ್ಕೆ ಹಳದಿ ಶುಭವೆಂದು ಆಂಟಿ ಯಾವಾಗಲೋ ಹೇಳಿದ್ದರಂತೆ. ಒಬ್ಬ ಹಿರಿಯ ನರ್ಸ್ ಹಳದಿ ಟೋಪಿ ಇಟ್ಟುಕೊಂಡು ಬಂದಿದ್ದರು. ನಮ್ಮವರು ಮಾತ್ರ ಇರಲಿಲ್ಲ. ನನ್ನ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ರೋಡ್ ಸ್ಲಿಪರಿ ಇರಬಹುದು... ಮಗಳಿಗೆ ಟೆಸ್ಟ್ ಇದೆ... ಯಾರದೋ ಮನೆಯಲ್ಲಿ ಗೆಸ್ಟ್ ಬಂದಿದ್ದಾರೆ... ನಮ್ಮ ಟ್ರೇ ಸೇಫಾಗಿ ರೀಚ್ ಆಯ್ತಾ?

ಅಪ್ಪನಿಗೆ ಫೋನ್ ಮಾಡಿದೆ. "ಬಾತ್ ಮೇಲೆ ತುಪ್ಪ ಹಾಕಮ್ಮ, ಒಣಗಿರುತ್ತೆ" ಎಂದರು.

"ಅಪ್ಪ, ನೀವ್ಯಾಕೆ ಬರ್ಲಿಲ್ಲ?"

"ಟ್ರೇ ಕೊಟ್ಟು ಕಳ್ಸಿದೀವಲ್ಲ."

"ನೀವು ಕೈ ಎತ್ತಿದ್ರಿ."

"ನೀನು ಅಷ್ಟು ಚೆನ್ನಾಗಿ ಮಾತಾಡ್ದೆ, ಎತ್ತದೆ ಇರೋಕಾಗುತ್ತಾ?"

ಫೋನ್ ಇಟ್ಟೆ. ಅಷ್ಟೂ ಟ್ರೇಗಳ ಕೆಳಗೆ ಡಬ್ಬಿಗಳನ್ನು ಹಚ್ಚುತ್ತ ಹೋದೆ, ಬಾಗಿಲ ಕಡೆ ನೋಡುತ್ತ. ಆಂಟಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಲು ನೋಡಿದರು. ಯಾರೂ ಏಳಲಿಲ್ಲ. ಹಳದಿ ಟೋಪಿಯವರು, "ನಿಮ್ಮ ಜನ ಬರಲಿ ಡಾಕ್ಟರ್. ಮನೆಯವರು ಬರುವ ಮುಂಚೆ ನಾವು ತಟ್ಟೆ ಹಿಡಿದರೆ ಚೆನ್ನಾಗಿರುವುದಿಲ್ಲ" ಎಂದರು. ರಸ್ತೆ ಸರಿಯಿಲ್ಲವಂತೆ ಎಂದರು ಆಂಟಿ. ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿತ್ತು. ಪಾಪ, ನಿಧಾನವಾಗಿ ಬರಲಿ, ಕಾಯುತ್ತೇವೆ ಎಂದರು ಅವರು. ಮಕ್ಕಳು ಹಸಿದು ಕುರ್ಚಿಗಳ ನಡುವೆ ಸುತ್ತಾಡತೊಡಗಿದವು. ಕಾದರು... ತುಂಬಾ ಹೊತ್ತು ಕಾದರು.

ಊಟಕ್ಕೆ ಕರೆದವರು ಕೊನೆಗೆ ಉಣ್ಣುವುದು ನಮ್ಮ ಪದ್ಧತಿ. ಅವತ್ತು ಆಂಟಿ ಒಂದು ತಟ್ಟೆ ತೆಗೆದುಕೊಂಡು, ಎಲ್ಲಕ್ಕಿಂತ ಮೊದಲು ತಾವೇ ಬಡಿಸಿಕೊಂಡು, ಅಷ್ಟು ಜನರ ಎದುರು ನಿಂತೇ ಒಂದು ತುತ್ತು ಬಾಯಿಗಿಟ್ಟರು. ಹಾಗೆ ಮಾಡಿದರೆ ಮಾತ್ರ ಅತಿಥಿಗಳು ಏಳುತ್ತಾರೆಂದು ಅವರಿಗೆ ತಿಳಿದಿತ್ತು. ಎದ್ದರು.

ವಾಪಸು ಬರುವಾಗ ವ್ಯಾನಿನಲ್ಲಿ, "ಅವತ್ತ ಮೀಟಿಂಗ್‌ನಾಗ ನೀ ಛಲೋ ಮಾತಾಡಿದಿ, ತಂಗಿ" ಎಂದರು. ಮರುವರ್ಷದ ಯುಗಾದಿ ಮತ್ತೆ ನಾರ್ತ್‌ವಿಲ್‌ನ ಶಾಲೆಯಲ್ಲೇ ಆಯಿತು. ಆಂಟಿ ಬಂದರು, ನಕ್ಕರು, ತಮ್ಮ ಪಾಲಿನ ಹೋಳಿಗೆ ತಂದರು. ಯಾರಿಗೂ ಒಂದು ಚುಚ್ಚುಮಾತೂ ಆಡಲಿಲ್ಲ. ಆಡಿದ್ದರೆ ನಾವು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆವು. ಆಮೇಲೆ ಅವರು ನಿವೃತ್ತರಾದರು, ಕ್ಲಿನಿಕ್ಕೂ ಮುಚ್ಚಿತು, ಮನೆ ಮಾರಿ ಮಗಳ ಹತ್ತಿರ ಹೋದರು. ನಾನು ಶಿಕಾಗೊ ಕಡೆಗೆ ಬಂದೆ.

ಹೋದ ತಿಂಗಳು ಅಪ್ಪ ಫೋನ್ ಮಾಡಿದ್ದರು. ಆಂಟಿ ಹೋಗಿಬಿಟ್ಟರಂತೆ. ಕೂಟದ ಗ್ರೂಪಿನ ತುಂಬ ಮುಗಿದ ಕೈಗಳ ಚಿತ್ರ. "ಆ ಡೆಟ್ರಾಯಿಟ್‌ನವ್ರಿಗೆ ಯಾರಾದ್ರೂ ಹೇಳ್ಬೇಕಲ್ಲ. ನಮ್ಮಲ್ಲಿ ಅವ್ರನ್ನ ನೋಡಿರೋಳು ನೀನೊಬ್ಳೇ" ಎಂದರು ಅಪ್ಪ. ಆಯಿತು ಎಂದವಳು ದಿನ ತಳ್ಳಿದೆ.

ಇಟಾಸ್ಕಾದಲ್ಲಿ ಗೋಷ್ಠಿಯಿಂದ ಎದ್ದು ಹೊರಗೆ ಬಂದು ಚರ್ಚಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸಿಗೆ ಡಾಕ್ಟರ ಹೆಸರು ಹೇಳಿದೆ. ತಮಗೆ ಆಗಲೇ ಗೊತ್ತಾಗಿತ್ತು, ನರ್ಸ್ ಒಬ್ಬರು ವಾರಕ್ಕೊಮ್ಮೆ ಆಂಟಿಗೆ ಫೋನ್ ಮಾಡುತ್ತಿದ್ದರು, ಹೋದ ಭಾನುವಾರ ಇದೇ ಹಾಲಿನಲ್ಲಿ ಎಲ್ಲರೂ ಸೇರಿ ಅವರಿಗಾಗಿ ಪ್ರಾರ್ಥನೆ ಮಾಡಿ ಊಟ ಹಾಕಿದೆವು ಎಂದರು. "ನಿಮ್ಮ ಜನರನ್ನೂ ಕರೆಯಬೇಕೆಂದು ತುಂಬಾ ಹುಡುಕಿದೆವು. ಒಬ್ಬರ ನಂಬರೂ ನಮ್ಮ ಹತ್ತಿರ ಇರಲಿಲ್ಲ. ದಯವಿಟ್ಟು ಕ್ಷಮಿಸಿ."

ಪರವಾಗಿಲ್ಲ ಎಂದೆ. ನನ್ನ ನಂಬರು ಬರೆದುಕೊಳ್ಳಿ ಎಂದೆ.